ಬೆಳಗ್ಗೆ ಆರೂವರೆಯಿಂದ ರಾತ್ರಿ ಹತ್ತೂವರೆ: ಫಿಲಿಪೀನ್ಸಲ್ಲಿ ನನ್ನ ಮಿಷನ್

ಜನ ಮಾರ್ಮನ್ ಅನ್ನೋ ನಮ್ಮ ಚರ್ಚಿನ ಮಿಷನರಿಯಾಗಿ, ಅಂದ್ರೆ ಮನೆಮನೆಗೆ ಹೋಗಿ ಧರ್ಮದ ವಿಷಯ ಹೇಳೋನಾಗಿ, ನಾನು ಎರಡು ವರ್ಷ ಫಿಲಿಪೀನ್ಸಲ್ಲಿದ್ದೆ, ಅದಕ್ಕೇ ಮಿಷನ್ ಅನ್ನೋದು. ಕಂಪ್ಯಾನಿಯನ್, ಅಂದ್ರೆ ಜೊತೆಗಾರ ಮಿಷನರಿ, ಆ ವಿಷಯ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲಾ ಅದರ ಮೇಲೇ ನಿಂತಿರೋದು. ನಮ್ಮ ಚರ್ಚಲ್ಲಿ ಮಿಷನರಿ ಒಬ್ಬನೇ ಇರೋ ಹಾಗಿಲ್ಲ, ಯಾವಾಗ್ಲೂ ಜೋಡಿ. ಒಂದೇ ಮನೇಲಿರ್ಬೇಕು, ಒಂದೇ ರೂಮಲ್ಲಿ ಮಲಗ್ಬೇಕು, ಒಬ್ಬನ ಕಣ್ಣಿಗೆ ಇನ್ನೊಬ್ಬ ಕಾಣ್ತಿರ್ಬೇಕು, ಕರೆದ್ರೆ ಕೇಳಿಸ್ಬೇಕು, ಬಾತ್‌ರೂಮ್ ಬಿಟ್ರೆ ಇನ್ನೆಲ್ಲಿಗೂ ಒಬ್ಬನೇ ಹೋಗೋದಿಲ್ಲ. ಯಾರ ಜೊತೆ ಅನ್ನೋದು ನಮ್ಮ ಕೈಲಿಲ್ಲ, ಮಿಷನ್ ಪ್ರೆಸಿಡೆಂಟ್, ಅಂದ್ರೆ ಆ ಪ್ರದೇಶದ ಮಿಷನರಿಗಳನ್ನ ನೋಡ್ಕೊಳ್ಳೋ ಮುಖ್ಯಸ್ಥರು, ಪ್ರಾರ್ಥನೆ ಮಾಡಿ ತೀರ್ಮಾನ ಮಾಡ್ತಾರೆ. ಆರು ವಾರಕ್ಕೊಂದ್ಸಲ ಟ್ರಾನ್ಸ್‌ಫರ್ ಬರುತ್ತೆ, ಅದೇ ಜೋಡಿ ಮುಂದುವರಿದ್ರೆ ಸರಿ, ಇಲ್ಲಾಂದ್ರೆ ಸೂಟ್‌ಕೇಸ್ ತುಂಬ್ಕೊಂಡು ಬೇರೆ ಊರು, ಬೇರೆ ಮನುಷ್ಯ, ಮತ್ತೆ ಮೊದಲಿಂದ ಶುರು. ಹಾಗೆ ನನಗೆ ಅಮೆರಿಕದ ಯೂಟಾದೋನು, ಫಿಲಿಪೀನ್ಸಿನದೇ ಸೆಬು ದ್ವೀಪದೋನು, ಪೆಸಿಫಿಕ್ ಸಾಗರದ ಟೋಂಗಾ ದೇಶದೋನು ಎಲ್ಲಾ ಸಿಕ್ಕಿದ್ರು. ಎಲ್ಲರಿಗೂ ಹೆಸರಿನ ಮುಂದೆ ಎಲ್ಡರ್, ಅಂದ್ರೆ ಹಿರಿಯ. ಹತ್ತೊಂಬತ್ತು ವರ್ಷದ ಹುಡುಗನಿಗೂ ಎಲ್ಡರ್, ಎರಡು ವರ್ಷ ಸ್ವಂತ ಹೆಸರಲ್ಲಿ ಯಾರೂ ಕರೆಯಲ್ಲ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಮಾರ್ಮನ್ ಅಂತ ಜನ ಕರೆಯೋ ಚರ್ಚಿನ ಪೂರ್ತಿ ಹೆಸರು ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್, ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ್ದು, ಈಗ ಹೆಡ್ ಆಫೀಸ್ ಸಾಲ್ಟ್ ಲೇಕ್ ಸಿಟೀಲಿ. 2018ರಲ್ಲಿ ಆಗಿನ ಪ್ರೆಸಿಡೆಂಟ್ ರಸೆಲ್ ನೆಲ್ಸನ್ ಅವರು ಪೂರ್ತಿ ಹೆಸರೇ ಹೇಳಿ ಅಂತ ಕೇಳ್ಕೊಂಡ್ರು, ಅದಕ್ಕೇ ನಾವು ನಾವಾಗಿ ಮಾರ್ಮನ್ ಅಂತ ಹೇಳ್ಕೊಳ್ಳೋದು ಕಮ್ಮಿ. ಹುಡುಗರು ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ಮಿಷನ್ ಹೋಗಬಹುದು, ಹುಡುಗೀರಿಗೆ ಹದಿನೆಂಟು ತಿಂಗಳು. ಸಂಬಳ ಇಲ್ಲ. ಅಮೆರಿಕದ ಮನೆಗಳು 2020ರಿಂದ ತಿಂಗಳಿಗೆ 500 ಡಾಲರ್ ಕಟ್ತಾವೆ, ನಮ್ಮಂಥ ಕಡೆಯಿಂದ ಹೋಗೋರು ಮನೇಲಿ ಆದಷ್ಟು ಕಟ್ಟೋದು, ಉಳಿದಿದ್ದು ಸದಸ್ಯರೆಲ್ಲಾ ಸೇರಿ ಹಾಕೋ ಮಿಷನರಿ ಫಂಡಿಂದ ಬರುತ್ತೆ. ಎಲ್ಲಿಗೆ ಹೋಗ್ಬೇಕು ಅನ್ನೋದನ್ನೂ ನಾವು ಕೇಳೋ ಹಾಗಿಲ್ಲ, ಆನ್‌ಲೈನಲ್ಲಿ ಕಾಲ್ ಲೆಟರ್ ಬರುತ್ತೆ, ಓದಿದಾಗಲೇ ಗೊತ್ತಾಗೋದು.

ನಮ್ಮ ಮನೇಲಿ ಅಮ್ಮ ಮತ್ತೆ ನಾನು ಸದಸ್ಯರು, ಅಪ್ಪ ಅಲ್ಲ. ಅಪ್ಪ ತಿಪಟೂರಿನೋರು, ದಿನಾ ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಕೈಮುಗಿದೇ ಮನೆ ಬಿಡೋದು. ಫಿಲಿಪೀನ್ಸ್ ಅಂತ ಲೆಟರಲ್ಲಿ ಬಂದಾಗ ಅವರು ಕೇಳಿದ್ದು ಒಂದೇ ಮಾತು, ಅಲ್ಲಿ ಅನ್ನ ಸಿಗುತ್ತೇನಪ್ಪಾ ಅಂತ. ಧರ್ಮದ ಬಗ್ಗೆ ಒಂದು ಅಕ್ಷರನೂ ಎತ್ತಲಿಲ್ಲ. ಡಿಗ್ರಿ ಮುಗಿಸ್ಕೊಂಡು ಹೋಗು ಅಂತ ಬೇರೆ ಯಾರ್ ಯಾರೋ ಹೇಳಿದ್ರು, ಅಪ್ಪ ಹೇಳಲಿಲ್ಲ, ನಾನು ಇವತ್ತಿಗೂ ಅದನ್ನ ದೊಡ್ಡ ವಿಷಯ ಅಂತಲೇ ನೆನೆಸ್ಕೊಳ್ಳೋದು.

ಟ್ರೈನಿಂಗ್ ಸೆಂಟರ್ ಮನಿಲಾ ಪಕ್ಕದ ಕೆಸೋನ್ ಸಿಟೀಲಿ, ಅದರ ಎದುರಿಗೇ 1984ರಲ್ಲಿ ಪ್ರತಿಷ್ಠಾಪನೆ ಆದ ಮನಿಲಾ ಟೆಂಪಲ್. ಟೆಂಪಲ್ ಅಂದ್ರೆ ವಾರವಾರದ ಚರ್ಚಲ್ಲ, ನಮ್ಮ ವಿಶೇಷ ವಿಧಿಗಳು ನಡೆಯೋ ಪವಿತ್ರ ಕಟ್ಟಡ. ಬೆಂಗಳೂರಿಗೂ ಒಂದು ಟೆಂಪಲ್ ಅಂತ 2018ರಲ್ಲಿ ಘೋಷಣೆ ಆಗಿ 2020ರ ಡಿಸೆಂಬರಲ್ಲಿ ಭೂಮಿಪೂಜೆ ಥರದ ಕಾರ್ಯಕ್ರಮ ನಡೀತು, ಭಾರತಕ್ಕೇ ಅದು ಮೊದಲನೇದು, ಆದ್ರೆ ನಾನು ಹೊರಡೋವಾಗ ಅದಿನ್ನೂ ಕಟ್ತಾ ಇದ್ರು, ಹಾಗಾಗಿ ನಾನು ಮೊದಲನೇ ಸಲ ಟೆಂಪಲ್ ಒಳಗೆ ಕಾಲಿಟ್ಟಿದ್ದು ಮನಿಲಾದಲ್ಲೇ. ಅಲ್ಲಿ ಕೆಲವು ವಾರ ತಗಾಲೋಗ್ ಭಾಷೆ, ಪಾಠ ಹೇಳೋದು ಹೇಗೆ ಅಂತ ಕಲಿಸ್ತಾರೆ, ಆಮೇಲೆ ಬಸ್ ಹತ್ತಿಸ್ತಾರೆ. ನನ್ನನ್ನ ಹಾಕಿದ್ದು ದಕ್ಷಿಣದ ಲಗೂನಾ ಪ್ರಾಂತ್ಯದ ಕಡೆ. ಸ್ಯಾನ್ ಪಾಬ್ಲೋ ಅಂತ ಊರು, ಏಳು ಕೆರೆಗಳ ಊರು ಅಂತಾರೆ, ಸುತ್ತಾ ತೆಂಗಿನ ತೋಟ, ದೂರದಲ್ಲಿ ಬನಾಹಾವ್ ಬೆಟ್ಟ. ಬಸ್ಸಿನ ಕಿಟಕಿಯಿಂದ ತೋಟ ನೋಡಿದ್ರೆ ತಿಪಟೂರ್ ಅಂತಲೇ ಅನ್ನಿಸ್ಬೇಕು, ಆ ಪಾಟಿ ತೆಂಗು.

ದಿನ ಹೇಗಿರುತ್ತೆ ಅಂದ್ರೆ, ಆರೂವರೆಗೆ ಏಳೋದು, ಮೊಣಕಾಲೂರಿ ಪ್ರಾರ್ಥನೆ, ಅರ್ಧ ಗಂಟೆ ಎಕ್ಸರ್ಸೈಸ್, ಬಕೆಟ್ ನೀರಲ್ಲಿ ಸ್ನಾನ. ಅಲ್ಲೂ ನಮ್ಮ ಥರಾನೇ ಮಗ್, ತಾಬೋ ಅಂತಾರೆ, ಯೂಟಾದ ಎಲ್ಡರಿಗೆ ಅದನ್ನ ಹಿಡಿಯೋಕೆ ಕಲಿಸಿದ್ದು ನಾನು. ತಿಂಡಿಗೆ ಪಾಂದೆಸಾಲ್, ಅಂದ್ರೆ ಬೆಳಗ್ಗೆ ಬೆಳಗ್ಗೆ ಬೇಕರೀಲಿ ಬಿಸಿಬಿಸಿ ಸಿಗೋ ಚಿಕ್ಕ ಬನ್. ಎಂಟಕ್ಕೆ ಒಬ್ಬೊಬ್ಬರೇ ಕೂತು ಓದೋದು, ಆಮೇಲೆ ಇಬ್ಬರೂ ಸೇರಿ ಓದೋದು, ಭಾಷೆ ಅಭ್ಯಾಸ, ಹತ್ತು ಗಂಟೆ ಅಷ್ಟೊತ್ತಿಗೆ ಬಿಳಿ ಶರ್ಟ್, ಟೈ, ಎದೆ ಮೇಲೆ ಕಪ್ಪು ಹೆಸರಿನ ಬಿಲ್ಲೆ ಹಾಕ್ಕೊಂಡು ರೋಡಿಗೆ. ರಾತ್ರಿ ಒಂಬತ್ತಕ್ಕೆ ವಾಪಸ್, ನಾಳೆ ಯಾರ್ ಯಾರ ಮನೆ ಅಂತ ಪ್ಲಾನ್, ಹತ್ತೂವರೆಗೆ ಲೈಟ್ ಆಫ್. ಸಿನಿಮಾ ಇಲ್ಲ, ಗರ್ಲ್‌ಫ್ರೆಂಡ್ ಇಲ್ಲ, ಕ್ರಿಕೆಟ್ ಸ್ಕೋರ್ ಇಲ್ಲ. ಫೋನ್ ಇರುತ್ತೆ ಆದ್ರೆ ಅದರಲ್ಲಿ ಕೆಲಸಕ್ಕೆ ಬೇಕಾದ್ದಷ್ಟೇ. ಇದನ್ನ ಕೇಳಿದೋರು ಅಯ್ಯೋ ಜೈಲು ಥರ ಅಲ್ವಾ ಅಂತಾರೆ. ನನಗೆ ಹಾಗನ್ನಿಸಲೇ ಇಲ್ಲ, ನಿಜ ಹೇಳ್ಬೇಕಂದ್ರೆ ತಲೆ ಅಷ್ಟು ಹಗುರವಾಗಿದ್ದ ಕಾಲ ಇನ್ನೊಂದಿಲ್ಲ, ಏನು ಮಾಡ್ಬೇಕು ಅನ್ನೋದು ಗೊತ್ತಿತ್ತು, ಯಾರಿಗೋಸ್ಕರ ಅನ್ನೋದೂ ಗೊತ್ತಿತ್ತು.

ಭಾರತದ ಹುಡುಗ ಫಿಲಿಪೀನ್ಸಲ್ಲಿ ಮಿಷನರಿ ಆದ್ರೆ ಅವನಿಗೆ ಮಾತ್ರ ಆಗೋ ಒಂದು ವಿಷಯ ಇದೆ. ಅಲ್ಲಿ ಪಂಜಾಬ್ ಕಡೆಯ ಜನ ತುಂಬಾ ವರ್ಷದಿಂದ ಬೈಕಲ್ಲಿ ಬೀದಿಬೀದಿ ಸುತ್ತಿ ಸಣ್ಣ ಸಾಲ ಕೊಡ್ತಾರೆ, ಫೈವ್-ಸಿಕ್ಸ್ ಅಂತಾರೆ, 5 ಸಾವಿರ ಪೆಸೋ ತಗೊಂಡ್ರೆ 6 ಸಾವಿರ ವಾಪಸ್ ಕೊಡ್ಬೇಕು, ಕಂತು ಕಂತಾಗಿ ದಿನಾ ಬಂದು ವಸೂಲಿ ಮಾಡ್ತಾರೆ. ಭಾರತದ ಮುಖ ಇರೋ ಯಾರೇ ಬಂದ್ರೂ ಅಲ್ಲಿನ ಜನಕ್ಕೆ ಬುಂಬೈ, ಅಂದ್ರೆ ಸಾಲ ಕೊಡೋ ಭಾರತದೋನು. ನಾವು ಗೇಟ್ ಹತ್ರ ನಿಂತು ತಾವೋ ಪೋ, ಅಂದ್ರೆ ಯಾರೋ ಬಂದಿದ್ದೀವಿ, ಅಂತ ಕೂಗಿದ್ರೆ ಮಕ್ಕಳು ಮೊದ್ಲು ನನ್ನ ಮುಖ ನೋಡಿ, ಬುಂಬೈ ಬುಂಬೈ ಅಂತ ಒಳಗೆ ಓಡೋವು, ಒಳಗೆ ಟೀವಿ ಸೌಂಡ್ ನಿಂತೋಗೋದು, ಒಂದು ನಿಮಿಷ ಆದ್ಮೇಲೆ ಯಾರೋ ಒಬ್ಬ ಹುಡುಗ ಬಂದು ಅಮ್ಮ ಮನೇಲಿಲ್ಲ ಅನ್ನೋನು. ಆಗ ಸೆಬುವಿನ ಎಲ್ಡರ್ ಮುಂದೆ ಬಂದು ನಾವು ಚರ್ಚಿಂದ ಬಂದಿರೋರು ಅಂತ ಹೇಳಿದ್ರೆ ಕರ್ಟನ್ ಹಿಂದಿಂದ ಅಮ್ಮ ಆಚೆ ಬರೋರು. ನನಗೆ ಅದರಲ್ಲಿ ಕಂಡಿದ್ದು ಆ ಮನೆಗಳ ಹೆದರಿಕೆ. ಬಾಗಿಲು ತಟ್ಟಿದ ಸದ್ದಿಗೇ ಸಾಲ ನೆನಪಾಗೋ ಮನೆಗಳು. ಅದಾದ್ಮೇಲೆ ನಾನು ಗೇಟ್ ಹತ್ರ ನಿಂತಾಗೆಲ್ಲಾ ಕೈ ಎರಡೂ ಕಾಣೋ ಹಾಗೆ ಇಟ್ಕೊಂಡು, ಬಿಲ್ಲೆ ತೋರಿಸಿ, ಮೊದ್ಲು ಮಕ್ಕಳ ಜೊತೆ ಮಾತಾಡೋದು ರೂಢಿ ಮಾಡ್ಕೊಂಡೆ. ಆ ಸಾಲ ಕೊಡೋರಲ್ಲೂ ಒಬ್ಬ ನನ್ನ ವಯಸ್ಸಿನೋನು ಪರಿಚಯ ಆದ, ಜಲಂಧರ್ ಕಡೆಯೋನು, ಮನೆಗೆ ದುಡ್ಡು ಕಳಿಸ್ಬೇಕು ಅಂತ ಮಳೆ ಬಿಸಿಲು ನೋಡದೆ ಬೈಕ್ ಓಡಿಸೋನು, ಅವನ ಅಣ್ಣನ ಮನೇಲಿ ನಮಗೆ ರೊಟ್ಟಿ, ದಾಲ್ ಹಾಕಿದ್ರು. ಹರುಕುಮುರುಕು ಹಿಂದೀಲಿ ಗಂಟೆಗಟ್ಟಲೆ ಮಾತಾಡಿದ್ವಿ. ಅವನ ಮೇಲೂ ನನಗೆ ಕೋಪ ಬರಲ್ಲ.

ಊಟದ ವಿಷಯಕ್ಕೆ ಅಪ್ಪ ಚಿಂತೆ ಮಾಡ್ಬೇಕಿರ್ಲಿಲ್ಲ, ಮೂರು ಹೊತ್ತೂ ಅನ್ನ. ಶುಕ್ರವಾರ ಬಂದ್ರೆ ಮೊಂಗ್ಗೋ ಅಂತ ಹೆಸರುಕಾಳಿನ ಸಾರು, ಅದಕ್ಕೆ ನುಗ್ಗೆ ಸೊಪ್ಪು ಹಾಕ್ತಾರೆ, ಅಲ್ಲಿ ನುಗ್ಗೆ ಗಿಡ ಇಲ್ಲದ ಹಿತ್ತಲೇ ಇಲ್ಲ ಆದ್ರೆ ಕಾಯಿಗಿಂತ ಸೊಪ್ಪಿಗೇ ಬೆಲೆ. ಒಂದೇ ಕಷ್ಟ ಕಾಫಿ. ನಮ್ಮಲ್ಲಿ ಕಾಫಿ, ಟೀ, ಹೆಂಡ, ಸಿಗರೇಟು ಯಾವುದೂ ಇಲ್ಲ, ಅಲ್ಲಿ ಮನೆಗೆ ಬಂದೋರಿಗೆ ಮೊದ್ಲು ಕೊಡೋದೇ ಕಾಫಿ. ಬೇಡ ಅಂದ್ರೆ ಮನೆಯೋರ ಮುಖ ಸಣ್ಣಗಾಗುತ್ತೆ, ಅದಕ್ಕೇ ಟೋಂಗಾದ ಎಲ್ಡರ್ ಒಳಗೆ ಹೋಗ್ತಿದ್ದ ಹಾಗೇ ಲೋಲಾ ಒಂದು ಲೋಟ ನೀರು ಕೊಡ್ತೀರಾ ತುಂಬಾ ಬಾಯಾರಿಕೆ ಅಂತ ಕೇಳ್ಬಿಡೋನು. ಕೊಡೋಕೆ ಅವರಿಗೂ ಏನೋ ಒಂದು ಸಿಕ್ತು, ಕಾಫಿ ಮಾತು ಬರಲಿಲ್ಲ. ಅಷ್ಟು ಸೂಕ್ಷ್ಮ ನಾನು ದೊಡ್ಡೋರಲ್ಲೂ ಕಮ್ಮಿ ನೋಡಿರೋದು.

ಆ ಲೋಲಾ ಅಂದ್ನಲ್ಲ, ಲೋಲಾ ಅಂದ್ರೆ ಅಜ್ಜಿ. ಸ್ಯಾನ್ ಪಾಬ್ಲೋ ಹೊರಗಡೆ ತೋಟದ ಅಂಚಲ್ಲಿ ತಗಡಿನ ಮನೆ, ಒಬ್ಬ ಮೊಮ್ಮಗ ಜೊತೆಗೆ. ಅವರು ಕಡ್ಡಿ ಪೊರಕೆ ಮಾಡಿ ಮಾರೋರು. ನಾವು ಮೊದಲ ಸಲ ಹೋದಾಗ, ನಾನು ಕ್ಯಾಥೊಲಿಕ್, ನಿಮ್ಮ ಪಾಠ ನನಗೆ ಬೇಡ, ಕೈ ಖಾಲಿ ಇದ್ರೆ ಕೂತ್ಕೊಳ್ಳಿ ಅಂತ ನೇರವಾಗೇ ಹೇಳಿದ್ರು. ಕೂತ್ವಿ. ಮುಂದೆ ತೆಂಗಿನ ಗರಿ ರಾಶಿ. ಒಂದೊಂದೇ ಎಲೆ ಎಡಗೈಲಿ ಹಿಡಿದು ಬುಡದ ಹತ್ರ ಚಾಕು ಒತ್ತಿ ನಡುವಿನ ಕಡ್ಡಿ ಪಕ್ಕಕ್ಕೇ ಒಂದೇ ಎಳೆತಕ್ಕೆ ತುದಿವರೆಗೂ ಎಳೀಬೇಕು, ತಿರುಗಿಸಿ ಇನ್ನೊಂದು ಕಡೆ, ಕಡ್ಡಿ ಮೇಲೆ ಹಸಿರು ಚೂರೂ ಉಳೀಬಾರ್ದು, ಉಳಿದ್ರೆ ಒಣಗಿದ ಮೇಲೆ ಪುಡಿ ಉದುರುತ್ತೆ. ಇದು ನನಗೆ ಗೊತ್ತಿರೋ ಕೆಲಸ, ತಿಪಟೂರಲ್ಲಿ ಅಜ್ಜಿ ಜೊತೆ ಬೇಸಿಗೆ ರಜೇಲೆಲ್ಲಾ ಮಾಡಿದ್ದೇ. ನಾನು ಚಾಕು ಹಿಡಿದ ರೀತಿ ನೋಡಿ ಲೋಲಾ ಕೈ ನಿಲ್ಸಿ ನಿನಗಿದು ಯಾರು ಕಲಿಸಿದ್ದು ಅಂದ್ರು. ನಮ್ಮಜ್ಜಿ ಅಂದೆ. ಅಲ್ಲಿಂದ ನಮ್ಮಜ್ಜಿ ವಿಷಯ, ಅವರ ಗಂಡನ ವಿಷಯ, ಸೌದೀಲಿ ಮನೆಕೆಲಸಕ್ಕೆ ಹೋಗಿರೋ ಮಗಳ ವಿಷಯ, ಹೀಗೆ ವಾರವಾರ ಹೋಗ್ತಿದ್ವಿ, ಕಡ್ಡಿ ಸೀಳ್ತಿದ್ವಿ, ಒಂದು ಹಿಡಿ ಆದ್ಮೇಲೆ ನೆಲಕ್ಕೆ ಕುಟ್ಟಿ ಬುಡ ಸಮ ಮಾಡಿ ಕಟ್ಟೋದು ಅವರೇ, ಅದನ್ನ ಯಾರಿಗೂ ಬಿಡ್ತಿರ್ಲಿಲ್ಲ. ಧರ್ಮದ ಮಾತು ಅವರಾಗೇ ಎತ್ತಿದ್ದು ತುಂಬಾ ದಿನ ಆದ್ಮೇಲೆ. ಸತ್ತೋರು ಮತ್ತೆ ಸಿಗ್ತಾರೆ ಅಂತ ನೀವು ನಂಬ್ತೀರಾ ಅಂದ್ರು. ನಾವು ನಂಬೋದನ್ನ ಹೇಳಿದ್ವಿ, ಕುಟುಂಬ ಅನ್ನೋದು ಸಾವಿಗೆ ಮುಗಿಯೋದಲ್ಲ, ಟೆಂಪಲಲ್ಲಿ ಆಗೋ ಬಂಧನ ಆಚೆಗೂ ಇರುತ್ತೆ ಅಂತ. ಅವರು ಕೇಳಿಸ್ಕೊಂಡ್ರು, ತಲೆ ಆಡಿಸಿದ್ರು, ಮುಂದಿನ ಭಾನುವಾರನೂ ಎಂದಿನ ಥರ ಅವರ ಕ್ಯಾಥೊಲಿಕ್ ಚರ್ಚಿನ ಮಾಸಿಗೇ, ಅಂದ್ರೆ ಪೂಜೆಗೇ ಹೋದ್ರು. ಕೊನೆವರೆಗೂ ಕ್ಯಾಥೊಲಿಕ್ ಆಗೇ ಇದ್ರು. ನಾವೂ ಕೊನೆವರೆಗೂ ಹೋಗ್ತಾನೇ ಇದ್ವಿ.

ಇದನ್ನ ಹೇಳೋಕೆ ಕಾರಣ ಇದೆ. ಮಿಷನಲ್ಲಿ ವಾರ ವಾರ ಲೆಕ್ಕ ಕೊಡ್ಬೇಕು, ಎಷ್ಟು ಜನಕ್ಕೆ ಪಾಠ, ಎಷ್ಟು ಜನ ಚರ್ಚಿಗೆ ಬಂದ್ರು, ಯಾರಿಗೆ ದೀಕ್ಷಾಸ್ನಾನದ ಡೇಟ್ ಆಯ್ತು ಅಂತ. ಲೆಕ್ಕ ಬೇಕು, ಇಲ್ಲಾಂದ್ರೆ ಸೋಮಾರಿಗಳಾಗ್ಬಿಡ್ತೀವಿ, ಒಪ್ತೀನಿ. ಆದ್ರೆ ಲೋಲಾ ಅಂಗಳದಲ್ಲಿ ಕಳೆದ ಮಧ್ಯಾಹ್ನಗಳು ಆ ಕಾಲಂಗಳಲ್ಲಿ ಯಾವುದರಲ್ಲೂ ಬರಲ್ಲ, ನನ್ನ ಪ್ರಕಾರ ನಾನು ಅಲ್ಲಿ ಮಾಡಿದ ಒಳ್ಳೇ ಕೆಲಸ ಅಂದ್ರೆ ಅದೇ. ಅಲ್ಲೇ ದೀಕ್ಷಾಸ್ನಾನ ತಗೊಂಡ ಕುಟುಂಬಗಳೂ ಇವೆ, ಬಿಳಿ ಬಟ್ಟೇಲಿ ನೀರಿಂದ ಎದ್ದು ಬಂದು ಅತ್ತೋರನ್ನ ತಬ್ಬಿಕೊಂಡಿದ್ದೀನಿ, ಅದರ ಸಂತೋಷ ಬೇರೇನೇ, ಅದನ್ನ ಕಮ್ಮಿ ಮಾಡಿ ಹೇಳ್ತಿಲ್ಲ. ಫಿಲಿಪೀನ್ಸಲ್ಲಿ ನಮ್ಮ ಮಿಷನರಿ ಕೆಲಸ ಸರಿಯಾಗಿ ಶುರು ಆಗಿದ್ದೇ 1961ರಲ್ಲಿ, ಇವತ್ತು ಅಲ್ಲಿ 8 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅಷ್ಟು ಜನ ಯಾರೋ ಒಬ್ಬರು ಯಾರದೋ ಅಂಗಳದಲ್ಲಿ ಕೂತಿದ್ದಕ್ಕೇ ಬಂದಿರ್ಬೇಕು ಅಂತ ನನಗೆ ಅನ್ಸುತ್ತೆ.

ಟೋಂಗಾದ ಎಲ್ಡರ್ ವಿಷಯಕ್ಕೆ ಬರ್ತೀನಿ. ಚರ್ಚಿನ ಲೆಕ್ಕದಲ್ಲಿ ಅವನ ದೇಶದ ಅರ್ಧಕ್ಕಿಂತ ಜಾಸ್ತಿ ಜನ ನಮ್ಮ ಸದಸ್ಯರೇ, ಅವನ ಬೀದೀಲಿ ಮಿಷನ್ ಹೋಗದೇ ಇರೋ ಹುಡುಗನೇ ಅಪರೂಪ. ನಾನು ಕೋಟಿ ಜನ ಇರೋ ಊರಿಂದ ಬಂದೋನು, ನಮ್ಮ ಕಾಲೇಜಲ್ಲಿ ನಾನೊಬ್ಬನೇ. ಅವನು ಆಳು ಬಾಗಿಲು ತುಂಬಾ, ಹಾಡೋಕೆ ಶುರು ಮಾಡಿದ್ರೆ ಅಕ್ಕಪಕ್ಕದ ಮನೆಯೋರು ಕಿಟಕಿ ತೆಗೀತಿದ್ರು. ಮನೇಲಿ ಒಂದೇ ಫ್ಯಾನ್, ಸೆಖೆ ಅಂದ್ರೆ ಸೆಖೆ, ಅದು ಯಾರ ಕಡೆ ತಿರುಗಿರ್ಬೇಕು ಅನ್ನೋದಕ್ಕೇ ಮೊದಲ ವಾರ ಮುಖ ಮುಖ ನೋಡ್ತಿರ್ಲಿಲ್ಲ. ವಾರಕ್ಕೊಂದ್ಸಲ ಪ್ಲಾನಿಂಗ್ ಕೊನೇಲಿ ಎದುರಾಬದುರು ಕೂತು ಏನು ಚೆನ್ನಾಗಿದೆ, ಏನು ಬೇಜಾರಾಗಿದೆ ಅಂತ ಹೇಳ್ಕೊಳ್ಳೋ ಪದ್ಧತಿ ಇದೆ, ಕಂಪ್ಯಾನಿಯನ್‌ಶಿಪ್ ಇನ್ವೆಂಟರಿ ಅಂತಾರೆ, ಮೊದ್ಲು ಹೊಗಳ್ಬೇಕು ಆಮೇಲೆ ದೂರು, ಆಮೇಲೆ ಒಟ್ಟಿಗೆ ಪ್ರಾರ್ಥನೆ. ಮೊದಮೊದ್ಲು ತುಂಬಾ ಮುಜುಗರ ಆಗುತ್ತೆ. ಆದ್ರೆ ಮದುವೆ ಆಗೋರಿಗೆಲ್ಲಾ ಇದನ್ನ ಕಡ್ಡಾಯ ಮಾಡ್ಬೇಕು ಅಂತ ನಾನು ಈಗ್ಲೂ ಹೇಳ್ತೀನಿ.

ಅಂಥ ಒಂದು ದಿನ ಅವನು ಹೇಳಿದ್ದು, 2022ರ ಜನವರೀಲಿ ಅವರ ಹತ್ರದ ಹುಂಗಾ ಟೋಂಗಾ ಅನ್ನೋ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು, ಸುನಾಮಿ ಬಂದು, ಸಮುದ್ರದ ಕೇಬಲ್ ಕಿತ್ತುಹೋಗಿತ್ತಂತೆ, ಮನೆ ಮೇಲೆಲ್ಲಾ ಬೂದಿ. ಅವನ ಅಣ್ಣ ಆಗ ಬೇರೆ ದೇಶದಲ್ಲಿ ಮಿಷನಲ್ಲಿದ್ದ, ಅಮ್ಮ ಬದುಕಿದ್ದಾರೋ ಇಲ್ವೋ ಅನ್ನೋದೇ ಅವನಿಗೆ ಎಷ್ಟೋ ದಿನ ಗೊತ್ತಾಗಲಿಲ್ಲ. ಅದಕ್ಕೇ ಮಳೆ ಗಾಳಿ ಜೋರಾದ್ರೆ ಇವನಿಗೆ ನಿದ್ದೆ ಬರಲ್ಲ. ಗೊತ್ತಾದ ಮೇಲೆ ಫ್ಯಾನ್ ಯಾವ ಕಡೆ ಇದ್ರೆ ನನಗೇನು.

2024ರ ಅಕ್ಟೋಬರಲ್ಲಿ ಟ್ರಾಮಿ ಚಂಡಮಾರುತ ಬಂತು, ಅಲ್ಲಿ ಕ್ರಿಸ್ಟೀನ್ ಅಂತ ಕರೆದ್ರು. ಬಿಕೋಲ್ ಕಡೆ ಊರಿಗೆ ಊರೇ ನೀರಲ್ಲಿ, ನಮ್ಮ ಪಕ್ಕದ ಬತಂಗಾಸ್ ಪ್ರಾಂತ್ಯದಲ್ಲಿ ಗುಡ್ಡ ಕುಸಿದು ತುಂಬಾ ಜನ ಹೋದ್ರು. ಮಿಷನ್ ಆಫೀಸಿಂದ ಮೆಸೇಜ್, ಮನೆ ಬಿಟ್ಟು ಆಚೆ ಬರಬೇಡಿ, ಬಕೆಟ್ ತುಂಬಿಸ್ಕೊಳ್ಳಿ, ಎಮರ್ಜೆನ್ಸಿ ಬ್ಯಾಗ್ ಪಕ್ಕದಲ್ಲಿಟ್ಕೊಳ್ಳಿ ಅಂತ. ಕರೆಂಟ್ ಹೋಯ್ತು, ನೆಟ್‌ವರ್ಕ್ ಹೋಯ್ತು, ತಗಡು ಕಿತ್ತು ಹಾರೋ ಸದ್ದು. ಅವನು ಎದ್ದು ಕೂತಿದ್ದ, ನಾನೂ ಕೂತೆ. ಅವನು ಟೋಂಗನ್ ಭಾಷೇಲಿ ಪ್ರಾರ್ಥನೆ ಮಾಡಿದ, ನಾನು ಕನ್ನಡದಲ್ಲಿ, ಇಬ್ಬರಿಗೂ ಇನ್ನೊಬ್ಬನ ಮಾತು ತಿಳಿಯಲ್ಲ, ಆಮೆನ್ ಮಾತ್ರ ಒಟ್ಟಿಗೆ. ಅವನ ಪಕ್ಕ ಕೂತಿದ್ದಕ್ಕೇ ನನಗೂ ಧೈರ್ಯ ಇತ್ತು.

ನೀರು ಇಳಿದ ಮೇಲೆ ಹೆಲ್ಪಿಂಗ್ ಹ್ಯಾಂಡ್ಸ್ ಅಂತ ಬರೆದಿರೋ ಹಳದಿ ವೆಸ್ಟ್ ಹಾಕ್ಕೊಂಡು ದೊಡ್ಡ ಕೆರೆ, ಅಂದ್ರೆ ಲಗೂನಾ ದೆ ಬಾಯ್ ಪಕ್ಕದ ಊರಲ್ಲಿ ಕೆಸರು ಎತ್ತೋಕೆ ಹೋದ್ವಿ. ವಾರ್ಡಿನ, ಅಂದ್ರೆ ನಮ್ಮ ಚರ್ಚಿನ ಸ್ಥಳೀಯ ಸಭೆಯ, ಗಂಡಸರು ಹೆಂಗಸರು ಎಲ್ಲಾ ಬಂದಿದ್ರು, ಅವರಲ್ಲಿ ಕೆಲವರ ಮನೇಗೇ ನೀರು ನುಗ್ಗಿತ್ತು, ಆದ್ರೂ ಬಂದಿದ್ರು. ಒಂದು ಮನೇಲಿ ನೀರು ನಿಂತ ಗೆರೆ ಗೋಡೆ ಮೇಲೆ ನನ್ನ ಎದೆಮಟ್ಟಕ್ಕೆ, ಫ್ರಿಜ್ ಅಡ್ಡ ಬಿದ್ದಿದೆ, ಸ್ಕೂಲ್ ಪುಸ್ತಕ ಎಲ್ಲಾ ಮುದ್ದೆ. ಬೀರು ಮೇಲೆ ಸಾಂತೋ ನೀನ್ಯೋ, ಬಾಲಯೇಸುವಿನ ಮೂರ್ತಿ, ಅದರ ಕೆಂಪು ಬಟ್ಟೆಗೆ ಮಾತ್ರ ಕೆಸರು ಹತ್ತಿತ್ತು. ನಮ್ಮಲ್ಲಿ ಮೂರ್ತಿಗೆ ಪ್ರಾರ್ಥನೆ ಮಾಡಲ್ಲ. ಟೋಂಗಾದ ಎಲ್ಡರ್ ಅದನ್ನ ಕೈಲಿ ಎತ್ಕೊಂಡು, ಬಟ್ಟೆ ಬಿಚ್ಚಿ ಒಳ್ಳೇ ನೀರಲ್ಲಿ ಹಿಂಡಿ ಬಿಸಿಲಿಗೆ ಹಾಕಿ, ಮೂರ್ತಿ ಒರೆಸಿ ಮನೆಯಾಕೆ ಕೈಗೆ ಕೊಟ್ಟ. ಆಕೆ ಅಲ್ಲಿವರೆಗೂ ಅತ್ತಿರ್ಲಿಲ್ಲ.

ಸೋಮವಾರ ಪಿ-ಡೇ, ಅಂದ್ರೆ ಸ್ವಂತ ಕೆಲಸದ ದಿನ. ದೊಡ್ಡ ಪ್ಲಾಸ್ಟಿಕ್ ಬೇಸಿನ್‌ನಲ್ಲಿ ಬಟ್ಟೆ ನೆನೆಸಿ ಒಗೆಯೋದು, ಬಿಳಿ ಶರ್ಟಿನ ಕಾಲರ್ ಬ್ರಷ್ ಹಾಕಿ ಉಜ್ಜಿದಷ್ಟೂ ಹೋಗಲ್ಲ, ಸಂತೆಗೆ ಹೋಗಿ ತರಕಾರಿ, ಬಾಸ್ಕೆಟ್‌ಬಾಲ್, ಆಮೇಲೆ ಮನೆಗೆ ಫೋನ್. 2019ರ ಫೆಬ್ರವರಿಗೆ ಮುಂಚೆ ಹೋದೋರಿಗೆ ವಾರಕ್ಕೊಂದು ಈಮೇಲ್, ವರ್ಷಕ್ಕೆ ಎರಡು ಸಲ ಮಾತ್ರ ಫೋನು, ಕ್ರಿಸ್‌ಮಸ್ಸಿಗೆ ಮತ್ತೆ ಮದರ್ಸ್ ಡೇಗೆ. ನಮ್ಮ ಕಾಲಕ್ಕೆ ವಾರವಾರ ವಿಡಿಯೋ ಕಾಲ್. ಹಳಬರು ಕೆಲವರು ಇದರಿಂದ ಮನೆ ಗುಂಗು ಜಾಸ್ತಿ ಆಗುತ್ತೆ ಅಂತಾರೆ, ನಾನು ಒಪ್ಪಲ್ಲ, ಅಪ್ಪನಿಗೆ ನನ್ನ ಕೆಲಸ ಅರ್ಥ ಆಗಿದ್ದು ಆ ಕಾಲ್‌ಗಳಿಂದಲೇ. ಅಲ್ಲಿ ಹತ್ತು ಗಂಟೆ ಅಂದ್ರೆ ಬೆಂಗಳೂರಲ್ಲಿ ಏಳೂವರೆ, ಅಮ್ಮ ಡಬ್ಬಿ ಕಟ್ತಾ ಮಾತಾಡೋರು, ಪುಟ್ಟಾ ಇಳಿದು ಹೋಗಿದ್ದೀಯಾ ಅಂತ ಪ್ರತೀ ವಾರ. ಅಪ್ಪ ಮೊದ್ಲು ಹಿಂದೆ ನಿಂತು ಚೆನ್ನಾಗಿದ್ದೀಯೇನಪ್ಪಾ ಅಂದು ಹೋಗ್ಬಿಡೋರು. ಕಡ್ಡಿ ಪೊರಕೆ ಲೋಲಾ ವಿಷಯ ಹೇಳಿದ ಮೇಲೆ ಫೋನ್ ಅವರೇ ಇಸ್ಕೊಂಡು, ಅಲ್ಲಿ ಕಾಯಿ ಎಷ್ಟು ದಪ್ಪ, ಕೊಬ್ಬರಿ ಮಾಡ್ತಾರಾ, ಮರಕ್ಕೆ ಏನು ರೋಗ ಅಂತೆಲ್ಲಾ ಕೇಳೋಕೆ ಶುರು ಮಾಡಿದ್ರು. ಬಿರುಗಾಳಿ ವಾರ ನೆಟ್‌ವರ್ಕ್ ವಾಪಸ್ ಬಂದಾಗ ಟೋಂಗಾದೋನ ಮುಖ ಸ್ಕ್ರೀನಲ್ಲಿ ನೋಡಿ ಅಪ್ಪ ನನಗಿಂತ ಮೊದ್ಲು ಅವನನ್ನ ಕೇಳಿದ್ರು, ನಿನ್ನ ತಾಯಿಗೆ ಫೋನ್ ಮಾಡಿದ್ಯೇನಪ್ಪಾ ಅಂತ, ಕನ್ನಡದಲ್ಲೇ. ನಾನು ಹೇಳಿದೆ ಅವನಿಗೆ. ಅವನು ಮಾಡಿದೆ ತಂದೆ ಅಂತ ನನ್ನ ಕೈಲಿ ಹೇಳಿಸಿದ.

ಈಗ ಬೆಂಗಳೂರಿನ ವಾರ್ಡ್‌ಗಳಲ್ಲಿ ಮಿಷನ್‌ಗೆ ಅರ್ಜಿ ಪೇಪರ್ಸ್ ತುಂಬ್ತಿರೋ ಹುಡುಗರು ಮೆಸೇಜ್ ಮಾಡಿ ಏನು ತಯಾರಿ ಮಾಡ್ಕೋಬೇಕಣ್ಣಾ ಅಂತ ಕೇಳ್ತಾರೆ. ಶಾಸ್ತ್ರ ಓದೋದು ಹೇಗೂ ಓದ್ತೀರ. ಅದರ ಜೊತೆ ಅನ್ನ, ಸಾರು, ಒಂದು ಪಲ್ಯ ಅಮ್ಮನ ಸಹಾಯ ಇಲ್ಲದೆ ಮಾಡೋಕೆ ಕಲೀರಿ, ಬಟ್ಟೆ ಕೈಯಲ್ಲಿ ಒಗೆದು ನೋಡಿ, ಶೂಗೆ ದುಡ್ಡು ಉಳಿಸಬೇಡಿ, ಸೋಲ್ ಹೊಲಿದಿರೋದೇ ತಗೊಳ್ಳಿ, ಅಂಟಿಸಿರೋದು ಮಳೇಲಿ ಬಾಯಿ ಬಿಡುತ್ತೆ. ತಮ್ಮ ತಂಗಿ ಜೊತೆ ರೂಮ್ ಹಂಚ್ಕೊಂಡು ಅಭ್ಯಾಸ ಇಲ್ಲದೋರು ಈಗಿಂದಲೇ ಯಾರ ಜೊತೆಗಾದ್ರೂ ಇದ್ದು ನೋಡಿ. ಮನೇಲಿ ಸದಸ್ಯರಲ್ಲದ ಅಪ್ಪನೋ ಅಮ್ಮನೋ ಇದ್ರೆ ಲೆಟರ್ ಬಂದ ದಿನ ಮೊದ್ಲು ಅವರಿಗೇ ಓದಿ ಹೇಳಿ. ಮತ್ತೆ ಹಲ್ಲಿನ ಡಾಕ್ಟರ್ ಹತ್ರ ಬೇಗ ಹೋಗಿ, ಡೆಂಟಲ್ ರಿಪೋರ್ಟ್ ಇಲ್ಲದೆ ಪೇಪರ್ಸ್ ಮುಂದಕ್ಕೆ ಹೋಗಲ್ಲ, ಹುಳುಕು ಏನಾದ್ರೂ ಇದ್ರೆ ಇಲ್ಲೇ ತುಂಬಿಸ್ಕೊಂಡು ಹೊರಡಿ.